ಉಡುಪಿಯಿಂದ ಚಿತ್ರಗಳನ್ನು ಬೆಂಗಳೂರಿಗೆ ಒಯ್ದು ಪ್ರದರ್ಶನ ಮಾಡುವ ಮೊದಲು ಗ್ಯಾಲರಿ ಸುತ್ತಬೇಕೇ?

ನಿಮ್ಮ ಬಳಿ 20 ಚಿತ್ರಗಳಿವೆ, ಅರ್ಧ ಕ್ಯಾನ್ವಾಸ್ ಮೇಲಿನ ಆಕ್ರಿಲಿಕ್, ಅರ್ಧ ಕಾಗದದ ಮೇಲಿನ ಜಲವರ್ಣ. ಬೆಂಗಳೂರಿನ ಬಾಡಿಗೆ ಗ್ಯಾಲರಿಯಲ್ಲಿ ಹಾಕಬೇಕೆಂದಿದ್ದೀರಿ. ಅದಕ್ಕೆ ಮೊದಲು ಗ್ಯಾಲರಿಗಳನ್ನು ಸುತ್ತಿದರೆ ಉಪಯೋಗವಾದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಚಿತ್ರ ನೋಡಿ ಮುಗಿದ ಮೇಲೆ ಗೋಡೆಯನ್ನೂ ನೋಡಬೇಕು. ಚಿತ್ರಕಾರರಲ್ಲಿ ಹೆಚ್ಚಿನವರು ಮಾಡದ ಕೆಲಸ ಇದೇ.

ನಮ್ಮ ಕರಾವಳಿಯಲ್ಲೇ ಶುರು ಮಾಡಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೋ ಮೊಸ್ಕೇನಿ ಒಂದೂಕಾಲು ಶತಮಾನದ ಹಿಂದೆ ಮಾಡಿದ ಕೆಲಸವಿದೆ. ಹಸಿ ಗಾರೆಯ ಮೇಲಿನ ಭಿತ್ತಿಚಿತ್ರ, ಕ್ಯಾನ್ವಾಸ್ ಮೇಲಿನ ತೈಲವರ್ಣ ಎರಡೂ ಅಲ್ಲೇ ಇವೆ. ಎರಡೂ ನಮ್ಮ ಕರಾವಳಿಯ ತೇವವನ್ನೇ ಉಂಡು ಬಂದಿವೆ. ಬಾಗಿಲ ಬೆಳಕು ಅಡ್ಡಲಾಗಿ ಬೀಳುವ ಜಾಗದಲ್ಲಿ ನಿಂತು ಮೇಲ್ಮೈ ನೋಡಿ. ಎದುರಿನಿಂದ ಕಾಣದ ಉಬ್ಬು, ತೇಪೆ, ಬಿರುಕು ಆ ಬೆಳಕಿನಲ್ಲಿ ಕಾಣುತ್ತವೆ. ಉಡುಪಿಯ ಪಕ್ಕದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಸಿಕ್ಕಲ್ಲೆಲ್ಲ ನೋಡಿ. ಅಂಗೈಯಗಲದ ಗೆರೆಗೆ ಸುತ್ತ ಎಷ್ಟು ಖಾಲಿ ಬಿಟ್ಟಿದ್ದಾರೆ ಎಂಬುದನ್ನು ಗೇಣಿನಲ್ಲಿ ಅಳೆದು ಮನಸ್ಸಿನಲ್ಲಿಡಿ. ಬೆಂಗಳೂರಿಗೆ ಹೋದಾಗ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೂ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಒಂದೇ ದಿನ ಹೋಗಿ. ಪರಿಷತ್ತಿನಲ್ಲಿ ಬಾಡಿಗೆ ಗೋಡೆ ಹೇಗಿರುತ್ತದೆಂದು ಗೊತ್ತಾಗುತ್ತದೆ, ಇನ್ನೊಂದರಲ್ಲಿ ಸಂಗ್ರಹಾಲಯದ ಗೋಡೆ ಹೇಗಿರುತ್ತದೆಂದು. ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿಯ ಆಸೆ ಇದ್ದರೆ ಅರ್ಜಿಯನ್ನು ಈಗಲೇ ಹಾಕಿ. ಅಲ್ಲಿ ಆಯ್ಕೆಯೂ ಉಂಟು, ವರ್ಷಗಟ್ಟಲೆ ಕಾಯುವುದೂ ಉಂಟು.

ನೀವು ಬಾಡಿಗೆಗೆ ಹಿಡಿಯಬೇಕೆಂದಿರುವ ಹಾಲ್‌ಗೆ ಬೇರೆಯವರ ಪ್ರದರ್ಶನ ನಡೆಯುವಾಗಲೇ ಒಮ್ಮೆ ಹೋಗಿ. ಟೇಪು ಜೇಬಿನಲ್ಲಿರಲಿ. ಪ್ರತಿ ಗೋಡೆಯ ಉದ್ದ, ಸ್ವಿಚ್‌ಬೋರ್ಡ್ ಮತ್ತು ಕಿಟಕಿ ನುಂಗುವ ಜಾಗ, ಬಾಗಿಲಿನ ಅಗಲ, ಲಿಫ್ಟ್ ಇದ್ದರೆ ಅದರ ಒಳ ಅಳತೆ ಬರೆದುಕೊಳ್ಳಿ. ಮೊಳೆ ಹೊಡೆಯಲು ಬಿಡುತ್ತಾರೋ, ಮೇಲಿನ ಕಂಬಿಯಿಂದ ದಾರ ಇಳಿಬಿಡಬೇಕೋ ಕೇಳಿ. ದೀಪಗಳನ್ನು ತಿರುಗಿಸಲು ಬರುತ್ತದೋ ಇಲ್ಲವೋ ನೋಡಿ. ಸಂಜೆ ದೀಪದಲ್ಲಿ ನಿಮ್ಮ ನೀಲಿ ಕಂದಿ ಹೋದರೆ ಹಗಲು ಎಷ್ಟು ಚೆನ್ನಾಗಿ ಕಂಡರೂ ಪ್ರಯೋಜನವಿಲ್ಲ, ಉದ್ಘಾಟನೆ ನಡೆಯುವುದು ಸಂಜೆಯೇ.

ಆಮೇಲೆ ಲೆಕ್ಕ. 24 ಅಡಿ ಗೋಡೆ ಎಂದರೆ 288 ಇಂಚು. 30 ಇಂಚು ಅಗಲದ 6 ಚಿತ್ರಗಳಿಗೆ 180 ಇಂಚು ಹೋಯಿತು. ಉಳಿದ 108 ಇಂಚನ್ನು ನಡುವಿನ 5 ಸಂದುಗಳಿಗೂ ಎರಡು ತುದಿಗಳಿಗೂ ಹಂಚಿದರೆ ತಲಾ 15 ಇಂಚು ಚಿಲ್ಲರೆ ಬರುತ್ತದೆ. ಅದು ಉಸಿರಾಡುವಷ್ಟು ಜಾಗ. ಅದೇ ಗೋಡೆಗೆ 8 ಚಿತ್ರ ತುಂಬಿಸಿದರೆ ಸಂದು 5 ಇಂಚಿಗೆ ಇಳಿಯುತ್ತದೆ, ಒಂದು ಚಿತ್ರದ ಬಣ್ಣ ಪಕ್ಕದ್ದಕ್ಕೆ ನುಗ್ಗುತ್ತದೆ. ಎಲ್ಲವನ್ನೂ ತೋರಿಸುವ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಗೋಡೆ 14 ಎಂದರೆ 14 ಮಾತ್ರ ಒಯ್ಯಿರಿ.

ಈಗ ನಮ್ಮ ಕಡೆಯ ನಿಜವಾದ ಶತ್ರು, ತೇವ. ಆಟಿಯ ಜಡಿಮಳೆಯಲ್ಲಿ ಬರೆದ ದಪ್ಪ ಆಕ್ರಿಲಿಕ್ ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಮೆತ್ತಗಿರುತ್ತದೆ, ಏಕೆಂದರೆ ನೀರು ಆವಿಯಾಗಲು ಗಾಳಿಯಲ್ಲಿ ಜಾಗವೇ ಇರುವುದಿಲ್ಲ. ಪ್ರದರ್ಶನವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಂಡು, ಒಯ್ಯುವ ಚಿತ್ರಗಳನ್ನು ಒಂದು ತಿಂಗಳು ಮೊದಲೇ ಮುಗಿಸಿ. ಮಳೆಗಾಲದಲ್ಲಿ ಚಿತ್ರಗಳನ್ನು ಪಡುವಣ ಮತ್ತು ತೆಂಕಣ ಗೋಡೆಗೆ ಒರಗಿಸಬೇಡಿ, ಗಾಳಿಮಳೆ ಹೊಡೆಯುವುದು ಆ ಗೋಡೆಗಳಿಗೇ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಮಳೆಗಾಲದಲ್ಲಿ ಕ್ಯಾನ್ವಾಸ್ ಸಡಿಲಾದರೆ ಚೌಕಟ್ಟಿನ ಹಿಂದೆ ಮೂಲೆಯಲ್ಲಿರುವ ಮರದ ಬೆಣೆ ಹೊಡೆದು ಬಿಗಿ ಮಾಡಬೇಡಿ. ಬೆಂಗಳೂರಿನ ಚಳಿಗಾಲದ ಒಣ ಹವೆಗೆ ಅದು ತಾನೇ ಬಿಗಿಯಾಗುತ್ತದೆ. ಇಲ್ಲಿ ಹೊಡೆದ ಬೆಣೆ ಅಲ್ಲಿ ಅತಿಯಾಗಿ, ಮೂಲೆಯಲ್ಲಿ ಬಣ್ಣ ಬಿರಿಯುತ್ತದೆ.

ಜಲವರ್ಣಕ್ಕೆ ಚೌಕಟ್ಟು ಹಾಕಿಸುವಾಗ ಅಂಗಡಿಯವರು ಕಾಗದವನ್ನು ನಾಲ್ಕು ಬದಿಯೂ ರಟ್ಟಿಗೆ ಅಂಟಿಸುವುದುಂಟು. ಪಕ್ಕದಲ್ಲಿ ನಿಂತು ತಡೆಯಿರಿ. ತೇವಕ್ಕೆ ಕಾಗದ ಹಿಗ್ಗುತ್ತದೆ. ಹಿಗ್ಗಲು ದಾರಿಯಿಲ್ಲದಿದ್ದರೆ ಹಪ್ಪಳದಂತೆ ಏಳುತ್ತದೆ. ಮೇಲಂಚಿನಲ್ಲಿ ಎರಡು ಕಡೆ ಮಾತ್ರ ತೆಳು ಕಾಗದದ ಪಟ್ಟಿಯಿಂದ ತೂಗುಹಾಕಿಸಿ. ಸೆಲ್ಲೋಟೇಪ್ ಬೇಡವೇ ಬೇಡ, ಕೆಲವೇ ವರ್ಷಗಳಲ್ಲಿ ಹಳದಿ ಕಲೆ ಬಿಡುತ್ತದೆ. ಚಿತ್ರದ ಸುತ್ತ ಕೂರಿಸುವ ರಟ್ಟು, ಅಂದರೆ ಮೌಂಟ್ ಬೋರ್ಡ್, ಆಮ್ಲರಹಿತದ್ದಾಗಿರಲಿ. ಗಾಜು ಕಾಗದಕ್ಕೆ ತಾಗಬಾರದು, ತಾಗಿದಲ್ಲಿ ಬೂಷ್ಟು ಹಿಡಿದು ಬಣ್ಣ ಗಾಜಿಗೇ ಅಂಟುತ್ತದೆ. ಪ್ರಯಾಣಕ್ಕೆ ಗಾಜಿಗಿಂತ ಪಾರದರ್ಶಕ ಆಕ್ರಿಲಿಕ್ ಹಾಳೆ ಹಗುರ, ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಇದ್ದಿಲು ಅಥವಾ ಪೇಸ್ಟಲ್ ಚಿತ್ರಕ್ಕೆ ಅದು ಸಲ್ಲದು, ಉಜ್ಜಿದಾಗ ಹುಟ್ಟುವ ವಿದ್ಯುತ್ತಿಗೆ ಪುಡಿ ಮೇಲೆದ್ದು ಹಾಳೆಗೆ ಹತ್ತುತ್ತದೆ. ಅವಕ್ಕೆ ಗಾಜೇ ಇರಲಿ, ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಹಾಕಿ. ಒಡೆದರೂ ಚೂರು ಚಿತ್ರದ ಮೇಲೆ ಬೀಳುವುದಿಲ್ಲ.

ಪ್ಯಾಕ್ ಮಾಡುವಾಗ ಹೊಸಬರಿಂದ ಆಗುವ ದೊಡ್ಡ ತಪ್ಪೆಂದರೆ ಬಬಲ್ ವ್ರ್ಯಾಪನ್ನು ನೇರ ಬಣ್ಣದ ಮೇಲೆ ಸುತ್ತುವುದು. ಆಕ್ರಿಲಿಕ್ ಪದರ ಸೆಖೆಗೆ ಮೆದುವಾಗುತ್ತದೆ. ಬಸ್ಸಿನ ಡಿಕ್ಕಿಯ ಬಿಸಿಯಲ್ಲಿ ಒಂದು ರಾತ್ರಿ ಕಳೆದರೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಉಳಿಯುತ್ತದೆ, ಮತ್ತೆ ಹೋಗುವುದಿಲ್ಲ. ಮೊದಲು ಅಂಟದ ಸಿಲಿಕಾನ್ ಲೇಪಿತ ಕಾಗದ, ಅದರ ಮೇಲೆ ಚೌಕಟ್ಟಿನಷ್ಟೇ ಅಳತೆಯ ಗಟ್ಟಿ ರಟ್ಟು, ಆಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ವ್ರ್ಯಾಪ್. ನಾಲ್ಕು ಮೂಲೆಗೂ ರಟ್ಟು ಮಡಚಿದ ಟೊಪ್ಪಿ. ಒಂದೇ ಅಳತೆಯ ನಾಲ್ಕನ್ನು ಸೇರಿಸಿ ಒಂದು ಕಟ್ಟು ಮಾಡಿ. ಕಟ್ಟು 15 ಕಿಲೋ ದಾಟದಿರಲಿ, ಒಬ್ಬರಿಗೆ ಎತ್ತಲಾಗದ್ದನ್ನು ಎಳೆಯುತ್ತಾರೆ. ಮಲಗಿಸಿ ಇಡಬಾರದು, ನಿಲ್ಲಿಸಿ ಕಟ್ಟಿ. ಮಲಗಿಸಿದರೆ ಅದರ ಮೇಲೆ ಯಾರದ್ದಾದರೂ ಅಕ್ಕಿ ಮೂಟೆ ಬಂದೀತು. ದೊಡ್ಡ ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಚ್ಚಿ ಸುರುಳಿ ಮಾಡುವುದಿದ್ದರೆ ಬಣ್ಣ ಹೊರಮುಖವಾಗಿರಲಿ, ಒಳಗೆ 6 ಇಂಚು ಅಥವಾ ಅದಕ್ಕಿಂತ ದಪ್ಪದ ಪಿವಿಸಿ ಪೈಪ್ ಇರಲಿ. ಬಣ್ಣ ದಪ್ಪವಾಗಿ ಮೆತ್ತಿದ ಚಿತ್ರವನ್ನು ಸುತ್ತಲೇಬೇಡಿ.

ಸಾಗಾಟಕ್ಕೆ ನನ್ನ ಆಯ್ಕೆ ಇಬ್ಬರು ಮೂವರು ಚಿತ್ರಕಾರರು ಸೇರಿ ಹಿಡಿಯುವ ಮುಚ್ಚಿದ ಸಣ್ಣ ವ್ಯಾನ್. ಪಾರ್ಸೆಲ್ ಹಾಕುವುದಾದರೆ ಎರಡು ದಿನ ಮೊದಲೇ ಹಾಕಿ, ಪ್ರತಿ ಕಟ್ಟಿಗೂ ಸಂಖ್ಯೆ ಬರೆದು ಫೋಟೋ ತೆಗೆದಿಡಿ. ಮಳೆಗಾಲದಲ್ಲಂತೂ ಗುಡ್ಡ ಕುಸಿದರೆ ಶಿರಾಡಿಯ ರಸ್ತೆ, ಸುಬ್ರಹ್ಮಣ್ಯ–ಸಕಲೇಶಪುರದ ರೈಲು ಎರಡೂ ನಿಲ್ಲುತ್ತವೆ.

ತೂಗುಹಾಕುವ ಎತ್ತರಕ್ಕೆ ಸೂತ್ರ ಸರಳ. ಚಿತ್ರದ ನಡುಬಿಂದು ನೆಲದಿಂದ 58 ಇಂಚಿನಲ್ಲಿರಲಿ. ಚಿತ್ರ 30 ಇಂಚು ಎತ್ತರ, ಹಿಂದಿನ ತಂತಿಯನ್ನು ಮೇಲಕ್ಕೆ ಜಗ್ಗಿದಾಗ ಮೇಲಂಚಿನಿಂದ 4 ಇಂಚು ಕೆಳಗೆ ನಿಂತರೆ, 58ಕ್ಕೆ 15 ಸೇರಿಸಿ 4 ಕಳೆಯಿರಿ: ಕೊಕ್ಕೆ 69 ಇಂಚಿನಲ್ಲಿ. ಮೇಲಂಚುಗಳನ್ನು ಸಾಲು ಹಿಡಿಸಲು ಹೋದರೆ ಸಣ್ಣ ಚಿತ್ರಗಳೆಲ್ಲ ತಲೆಯ ಮೇಲೆ ಹೋಗುತ್ತವೆ. ಎರಡಡಿಗಿಂತ ಅಗಲವಾದದ್ದಕ್ಕೆ ಎರಡು ದಾರ ಬಿಡಿ, ಒಂದೇ ದಾರದಲ್ಲಿ ಯಾರ ಭುಜ ತಾಗಿದರೂ ಓರೆಯಾಗುತ್ತದೆ. ರಸಮಟ್ಟ, ಕತ್ತರಿ, ನೈಲಾನ್ ದಾರ, ಎಸ್ ಕೊಕ್ಕೆ, ಹತ್ತಿಯ ಕೈಗವಸು, ಚೌಕಟ್ಟಿನ ಗೀರು ಮುಚ್ಚಲು ಅದೇ ಬಣ್ಣ, ಇಷ್ಟನ್ನು ಊರಿನಿಂದಲೇ ಒಯ್ಯಿರಿ.

ಬೆಲೆಯ ಬಗ್ಗೆ ಒಂದೇ ಮಾತು: ಚದರ ಇಂಚಿಗೆ ಒಂದು ದರ ಕಟ್ಟಿ, ಚೌಕಟ್ಟಿನ ಖರ್ಚು ಬೇರೆ ಸೇರಿಸಿ, ಮನೆಗೆ ಬಂದು ಕೇಳಿದವರಿಗೂ ಅದೇ ಬೆಲೆ ಹೇಳಿ. ಬಾಡಿಗೆ ಹಾಲ್ ಮಾರಾಟದಲ್ಲೂ ಪಾಲು ಕೇಳುತ್ತದೋ, ಚಿತ್ರಕ್ಕೆ ಹಾನಿಯಾದರೆ ಯಾರ ಹೊಣೆ ಎಂಬುದು ಬರಹದಲ್ಲಿರಲಿ.

ಮಾರಾಟವಾಗದ ಚಿತ್ರಗಳು ಘಟ್ಟ ಇಳಿದು ಬಂದ ಕೂಡಲೇ ಕಟ್ಟು ಬಿಚ್ಚಬೇಡಿ. ಎಸಿ ಬಸ್ಸಿನಲ್ಲಿ ತಣ್ಣಗಾದ ಗಾಜಿಗೆ ಉಡುಪಿಯ ಗಾಳಿ ಸೋಕಿದೊಡನೆ ಒಳಗೂ ಹೊರಗೂ ನೀರು ಹನಿಗಟ್ಟುತ್ತದೆ. ಒಂದು ರಾತ್ರಿ ಹಾಗೆಯೇ ಇಟ್ಟು, ಮರುದಿನ ಬಿಸಿಲೇರಿದ ಮೇಲೆ ನೆರಳಿನಲ್ಲಿ ಬಿಚ್ಚಿ. ಪ್ಲಾಸ್ಟಿಕ್ ಎಲ್ಲ ತೆಗೆದು ಹಳೆಯ ಹತ್ತಿ ಪಂಚೆ ಹೊದಿಸಿ, ನೆಲದಿಂದ ಒಂದು ಗೇಣು ಮೇಲೆ ಹಲಗೆಯ ಮೇಲಿಡಿ.