ಏರ್‌ಲೈನ್ ಪೈಲಟ್ ಇಂಟರ್‌ವ್ಯೂ ಮತ್ತು ಸಿಮ್ಯುಲೇಟರ್ ಪರೀಕ್ಷೆಗೆ ಹೇಗೆ ತಯಾರಾಗಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕೈಗೆ ಬಂದು ಏಳೆಂಟು ತಿಂಗಳಾಗಿದೆ, ಲಾಗ್‌ಬುಕ್‌ನಲ್ಲಿ 200 ಚಿಲ್ಲರೆ ಗಂಟೆ ಇದೆ, ಆಮೇಲೆ ವಿಮಾನ ಮುಟ್ಟಿಲ್ಲ. ಏರ್‌ಬಸ್‌ನ ಎ320 ಜೆಟ್ ಹಾರಿಸುವ ಏರ್‌ಲೈನ್ ಒಂದರಿಂದ ಕರೆ ಬಂದಿದೆ, ಒಂದು ತಿಂಗಳು ಟೈಮ್ ಇದೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ದಾವಣಗೆರೆ ಹತ್ತಿರದ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಕೈಕೊಡುತ್ತದಾ, ಸಿಮ್‌ನಲ್ಲಿ ಏನು ನೋಡುತ್ತಾರೆ, ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಈಗಲೇ ದುಡ್ಡು ಹಾಕಿ ಮಾಡಿಸಿಕೊಳ್ಳಲಾ ಎಂದು ಕೇಳಿದ್ದೀರಿ.

ನಾನು ಬೆಂಗಳೂರು ಬೇಸ್‌ನಲ್ಲಿ ಎ320 ಹಾರಿಸುತ್ತೇನೆ. ರಜೆ ಇದ್ದಾಗ ಹೊಸದಾಗಿ ಸಿಪಿಎಲ್ ಮುಗಿಸಿದವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ರೂಢಿ ಇಟ್ಟುಕೊಂಡಿದ್ದೇನೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ನಿಮಗೆ ಏರ್‌ಬಸ್ ಹಾರಿಸಲು ಬರುವುದಿಲ್ಲ ಎಂಬುದು ಆಯ್ಕೆ ಮಾಡುವ ಏರ್‌ಲೈನ್‌ನವರಿಗೆ ಗೊತ್ತೇ ಇದೆ. ಅದನ್ನು ಆಯ್ಕೆಯಾದ ಮೇಲೆ ಕಲಿಸುತ್ತಾರೆ. ಅವರಿಗೆ ಬೇಕಾದದ್ದು ಬೇರೆ: ಈ ವ್ಯಕ್ತಿ ಬಲಗಡೆಯ ಸೀಟಿನಲ್ಲಿ ಕೂತಾಗ, ಏನೋ ಹದ ತಪ್ಪುತ್ತಿದೆ ಅಂದರೆ ಅದು ಅವನ ಕಣ್ಣಿಗೆ ಬೀಳುತ್ತದಾ, ಬಿದ್ದರೆ ಬಾಯಿ ಬಿಟ್ಟು ಹೇಳುತ್ತಾನಾ, ಹೇಳಿ ಸರಿಮಾಡುತ್ತಾನಾ. ಟೆಕ್ನಿಕಲ್ ಇಂಟರ್‌ವ್ಯೂ, ಸಿಮ್, ಎಚ್‌ಆರ್ ಮೂರರಲ್ಲೂ ಹುಡುಕುವುದು ಇದನ್ನೇ. ಇದು ಮನಸ್ಸಿನಲ್ಲಿದ್ದರೆ ತಯಾರಿಯ ಅರ್ಧ ಗೊಂದಲ ಕಳೆಯುತ್ತದೆ.

ಯಾಕೆ ಇದಕ್ಕೆ ಇಷ್ಟು ಬೆಲೆ ಅಂತ ತಿಳಿಯಬೇಕಾದರೆ ನಮ್ಮ ಮಂಗಳೂರನ್ನೇ ನೋಡಿ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಬಜ್ಪೆಯ ಟೇಬಲ್‌ಟಾಪ್ (ಬೆಟ್ಟದ ತಲೆಯ ಮೇಲಿನ) ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು, ಬಲಗಡೆ ಕೂತ ಫಸ್ಟ್ ಆಫೀಸರ್ ಮೂರು ಸಲ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಎಂದು ಹೇಳಿದ್ದರು, ಆದರೂ ಅಪ್ರೋಚ್, ಅಂದರೆ ರನ್‌ವೇ ಕಡೆಗಿನ ಇಳಿತ, ಮುಂದುವರಿಯಿತು ಎಂದು ತನಿಖಾ ವರದಿ ಹೇಳುತ್ತದೆ. ಆ ವರದಿಯನ್ನು ಓದಿಕೊಂಡು ಹೋಗಿ. ಇಂಟರ್‌ವ್ಯೂನಲ್ಲಿ ಉದಾಹರಿಸುವುದಕ್ಕಲ್ಲ, ಬಲಗಡೆ ಕೂತವರ ಕೆಲಸ ಏನು ಎಂಬುದು ಅದನ್ನು ಓದಿದಷ್ಟು ಸ್ಪಷ್ಟವಾಗಿ ಬೇರೆಲ್ಲೂ ತಿಳಿಯುವುದಿಲ್ಲ. 'ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾರೆ, ಏನು ಮಾಡ್ತೀರಿ?' ಎಂಬ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. 'ಗೌರವದಿಂದ ತಿಳಿಸುತ್ತೇನೆ' ಎಂದು ನಿಲ್ಲಿಸಿದರೆ ಉತ್ತರ ಅರ್ಧ. ಮೊದಲು ಕಂಡದ್ದನ್ನು ಹೇಳುವುದು, 'ಸರ್, ಸ್ಪೀಡ್ 15 ಜಾಸ್ತಿ ಇದೆ'. ಸರಿಹೋಗದಿದ್ದರೆ ಕಳವಳವನ್ನು ಹೇಳುವುದು, 'ನಾವು ಸ್ಟೇಬಲ್ ಆಗಿಲ್ಲ' (ವೇಗ, ಎತ್ತರ ಇಳಿಯುವುದಕ್ಕೆ ಹದವಾಗಿಲ್ಲ). ಆಗಲೂ ಮುಂದುವರಿದರೆ ಏನು ಮಾಡಬೇಕೆಂದೇ ಹೇಳುವುದು, 'ಗೋ-ಅರೌಂಡ್'. ಅದಕ್ಕೂ ಜಗ್ಗದೆ ವಿಮಾನ ಅಪಾಯಕ್ಕೆ ಹೋಗುತ್ತಿದ್ದರೆ 'ಐ ಹ್ಯಾವ್ ಕಂಟ್ರೋಲ್' ಎಂದು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳುವುದು. ಈ ಮೆಟ್ಟಿಲುಗಳನ್ನು ಕನ್ನಡಿ ಮುಂದೆ ನಿಂತು ಜೋರಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಹಿರಿಯರಿಗೆ ಎದುರು ಮಾತಾಡಬಾರದು ಎಂದು ಕಲಿತು ಬೆಳೆದ ನಮ್ಮಂಥವರಿಗೆ ಇದು ನಾಲಿಗೆಗೆ ಸಲೀಸಾಗಿ ಬರುವುದಿಲ್ಲ.

ಟೆಕ್ನಿಕಲ್ ಇಂಟರ್‌ವ್ಯೂ ಸಾಮಾನ್ಯವಾಗಿ ನಿಮ್ಮ ಲಾಗ್‌ಬುಕ್‌ನಿಂದಲೇ ಶುರುವಾಗುತ್ತದೆ. ನೀವು ಹಾರಿಸಿದ ವಿಮಾನದ ಬಗ್ಗೆ ಕೇಳಿದಾಗ ತಡವರಿಸಿದರೆ ಮುಂದೆ ಜೆಟ್ ಎಂಜಿನ್ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದರೂ ಆ ಕಲೆ ಹೋಗುವುದಿಲ್ಲ. ಸೆಸ್ನಾ 172 ಹಾರಿಸಿದವರಿಗೆ ಕಾರ್ಬ್ಯುರೇಟರ್ ಐಸಿಂಗ್ (ಅದರೊಳಗೆ ಮಂಜು ಕಟ್ಟುವುದು) ಬಗ್ಗೆ ಕೇಳುತ್ತಾರೆ. ಬಹಳ ಜನ ಬಾಯಿಪಾಠ ಒಪ್ಪಿಸುತ್ತಾರೆ. ನೀವು ಹಾರಿಸಿದ್ದು 172 ಎಸ್ ಮಾಡೆಲ್ ಆಗಿದ್ದರೆ ಅದರಲ್ಲಿ ಕಾರ್ಬ್ಯುರೇಟರೇ ಇಲ್ಲ, ಫ್ಯುಯೆಲ್ ಇಂಜೆಕ್ಷನ್. ಆಲ್ಟರ್ನೇಟರ್ ಕೆಟ್ಟರೆ ಏನೇನು ಉಳಿಯುತ್ತದೆ, ಒಂದು ಮ್ಯಾಗ್ನೆಟೋ ಹೋದರೆ ಏನಾಗುತ್ತದೆ, ಮಲ್ಟಿ ಎಂಜಿನ್ ಮಾಡಿದ್ದರೆ ವಿಎಂಸಿ (ಒಂದು ಎಂಜಿನ್ ಹೋದಾಗಲೂ ವಿಮಾನವನ್ನು ಹತೋಟಿಯಲ್ಲಿಡಬಹುದಾದ ಕನಿಷ್ಠ ವೇಗ) ಯಾವುದರಿಂದ ಏರುತ್ತದೆ, ಯಾವುದರಿಂದ ಇಳಿಯುತ್ತದೆ. ಹಳೆಯ ಫ್ಲೈಟ್ ಮ್ಯಾನ್ಯುಯಲ್ ತೆಗೆದು ಮೊದಲ ವಾರ ಅದಕ್ಕೇ ಇಡಿ.

ಆಮೇಲೆ ಜೆಟ್. ವಿ1 (ಟೇಕಾಫ್ ನಿಲ್ಲಿಸಬಹುದಾದ ಕೊನೆಯ ವೇಗ) ಎಂದರೇನು, ರನ್‌ವೇ ಒದ್ದೆಯಾದರೆ ಅದು ಯಾಕೆ ಇಳಿಯುತ್ತದೆ, ಸ್ವೆಪ್ಟ್ ವಿಂಗ್‌ನಲ್ಲಿ ಡಚ್ ರೋಲ್ (ಮೂಗು ಮತ್ತು ರೆಕ್ಕೆ ಒಟ್ಟಿಗೆ ಓಲಾಡುವುದು) ಯಾಕೆ, ಮೇಲೆ ಹೋದಂತೆ ಎರಡು ಸ್ಟಾಲ್ ಸ್ಪೀಡ್‌ಗಳು (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಕೆಳಗಿನ ಮತ್ತು ಮೇಲಿನ ವೇಗ) ಹತ್ತಿರ ಬರುವುದು ಹೇಗೆ. ಪಟ್ಟಿ ಉದ್ದ ಇದೆ, ನಿಮ್ಮ ಪುಸ್ತಕಗಳಲ್ಲೇ ಇದೆ. ನಾನು ಒತ್ತಿ ಹೇಳುವುದು ಒಂದೇ: ಪ್ರತಿಯೊಂದನ್ನೂ ನಿಮಗೆ ಗೊತ್ತಿರುವ ಒಂದು ಜಾಗಕ್ಕೆ ಕಟ್ಟಿ ಲೆಕ್ಕ ಹಾಕಿ. ಡೆನ್ಸಿಟಿ ಆಲ್ಟಿಟ್ಯೂಡ್ ತಗೊಳ್ಳಿ, ಅಂದರೆ ಗಾಳಿಯ ಸಾಂದ್ರತೆಯ ಲೆಕ್ಕದಲ್ಲಿ ವಿಮಾನಕ್ಕೆ ಅನಿಸುವ ಎತ್ತರ. ಬೆಂಗಳೂರು ಏರ್‌ಪೋರ್ಟ್ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಸಾವಿರ ಅಡಿಗೆ 2 ಡಿಗ್ರಿಯಂತೆ ಇಳಿದರೆ ಸ್ಟ್ಯಾಂಡರ್ಡ್ ಉಷ್ಣಾಂಶ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 33 ಇದೆ ಅಂದುಕೊಳ್ಳಿ. 24 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿ ಹಿಡಿದರೆ 2880. ಅಂದರೆ ವಿಮಾನದ ಪಾಲಿಗೆ ಅವತ್ತು ದೇವನಹಳ್ಳಿ ಇರುವುದು ಹತ್ತಿರಹತ್ತಿರ 5900 ಅಡಿಯಲ್ಲಿ. ಮೀಟರಿನಲ್ಲಿ 140 ನಾಟ್ ಕಂಡರೂ ನಿಜವಾದ ವೇಗ 150 ದಾಟಿರುತ್ತದೆ, ಹಾಗಾಗಿ ಟೇಕಾಫ್‌ಗೂ ಲ್ಯಾಂಡಿಂಗ್‌ಗೂ ಹೆಚ್ಚು ರನ್‌ವೇ ಬೇಕು. ಪೆನ್ನು ಹಿಡಿದು ಎರಡು ನಿಮಿಷದಲ್ಲಿ ಇದನ್ನು ಹೇಳಿದವರನ್ನು ಡೆಫಿನಿಷನ್ ಕೇಳುವ ಅಗತ್ಯವೇ ಅವರಿಗೆ ಬೀಳುವುದಿಲ್ಲ. ಹೈಡ್ರೋಪ್ಲೇನಿಂಗ್‌ಗೂ (ನೀರಿನ ಮೇಲೆ ಟೈರ್ ತೇಲಿ ಹಿಡಿತ ತಪ್ಪುವುದು) ಹಾಗೆಯೇ: ಟೈರ್ ಒತ್ತಡ 200 ಪಿಎಸ್‌ಐ ಎಂದುಕೊಂಡರೆ ಅದರ ವರ್ಗಮೂಲಕ್ಕೆ 9ರಿಂದ ಗುಣಿಸಿ, 127 ನಾಟ್ ಬರುತ್ತದೆ. ಜುಲೈ ಮಳೆಯಲ್ಲಿ ಮಂಗಳೂರಿಗೆ ಇಳಿಯುವಾಗ ಚಕ್ರ ನೆಲ ಮುಟ್ಟುವ ವೇಗ ಅದರ ಆಸುಪಾಸಿನಲ್ಲೇ ಇರುತ್ತದೆ.

ನೀವು ಹೋಗುತ್ತಿರುವುದು ಎ320ಗೆ ಆದ್ದರಿಂದ ಇನ್ನೊಂದು ಅಪಘಾತವನ್ನೂ ಓದಿ. 1990ರ ಫೆಬ್ರವರಿ 14ರಂದು ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ಬೆಂಗಳೂರಿನ ಎಚ್‌ಎಎಲ್ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದ ಮೇಲೆ ಬಿತ್ತು, 92 ಜನ ತೀರಿಕೊಂಡರು. ವಿಮಾನ ಐಡಲ್ ಓಪನ್ ಡಿಸೆಂಟ್ (ಎಂಜಿನ್ ಅತಿ ಕಡಿಮೆ ಶಕ್ತಿಯಲ್ಲಿಟ್ಟು ಇಳಿಯುವ) ಮೋಡ್‌ಗೆ ಹೋಗಿತ್ತು, ಎಂಜಿನ್ ಐಡಲ್‌ನಲ್ಲೇ ಇತ್ತು, ಸ್ಪೀಡ್ ಇಳಿಯುತ್ತಾ ಹೋದದ್ದು ಹೊತ್ತಿಗೆ ಸರಿಯಾಗಿ ಯಾರ ಗಮನಕ್ಕೂ ಬರಲಿಲ್ಲ. ಏರ್‌ಬಸ್‌ನಲ್ಲಿ ಸ್ಕ್ರೀನಿನ ಮೇಲ್ಗಡೆ ಮೋಡ್ ತೋರಿಸುವ ಸಾಲನ್ನು ಪ್ರತಿ ಬದಲಾವಣೆಗೂ ಓದಿ ಹೇಳಬೇಕು ಎಂದು ಟ್ರೇನರ್‌ಗಳು ಬೆನ್ನು ಬೀಳುವುದಕ್ಕೆ ಕಾರಣ ಇದೇ.

ಇನ್ನು ಸಿಮ್. ನಿಮ್ಮ ಭಯ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೆಚ್ಚಾಗಿ ಇಬ್ಬಿಬ್ಬರನ್ನು ಜೋಡಿ ಮಾಡಿ ಕಳಿಸುತ್ತಾರೆ. ಟೇಕಾಫ್, ಕ್ಲೈಂಬ್, ಒಂದೆರಡು ತಿರುವು, ಹೋಲ್ಡಿಂಗ್ (ಒಂದೇ ಜಾಗದಲ್ಲಿ ಸುತ್ತುತ್ತಾ ಕಾಯುವುದು), ಐಎಲ್‌ಎಸ್ (ರೇಡಿಯೋ ಸಂಕೇತ ಹಿಡಿದು ರನ್‌ವೇಗೆ ಇಳಿಯುವುದು), ಗೋ-ಅರೌಂಡ್ ಇಷ್ಟು ಇರುತ್ತದೆ. ಕೆಲವೊಮ್ಮೆ ಎಂಜಿನ್ ಫೇಲ್ಯೂರ್ ಕೊಡುತ್ತಾರೆ. ಆಟೋಪೈಲಟ್, ಫ್ಲೈಟ್ ಡೈರೆಕ್ಟರ್, ಆಟೋಥ್ರಸ್ಟ್ ಎಲ್ಲ ಬಂದ್, ಮೀಟರುಗಳನ್ನಷ್ಟೇ ನೋಡಿ ಕೈಯಿಂದ ಹಾರಿಸಬೇಕು, ಅಂದರೆ ರಾ ಡೇಟಾ. ಇಲ್ಲಿ ನಿಮ್ಮನ್ನು ಕಾಪಾಡುವುದು ಪಿಚ್ (ಮೂಗಿನ ಕೋನ) ಮತ್ತು ಪವರ್‌ನ ಕೋಷ್ಟಕ. ಲೆವೆಲ್‌ನಲ್ಲಿ 250 ನಾಟ್‌ಗೆ ಎಷ್ಟು ಪಿಚ್, ಎಷ್ಟು ಎನ್1 (ಎಂಜಿನ್ ಫ್ಯಾನ್ ತಿರುಗುವ ವೇಗ, ಪರ್ಸೆಂಟ್‌ನಲ್ಲಿ), 210ಕ್ಕೆ ಎಷ್ಟು, ಪೂರ್ತಿ ಫ್ಲಾಪ್ ಹಾಕಿ ಗ್ಲೈಡ್‌ಸ್ಲೋಪ್‌ನಲ್ಲಿ (ಐಎಲ್‌ಎಸ್‌ನ ಇಳಿಜಾರಿನಲ್ಲಿ) ಎಷ್ಟು. ಎ320ಯಲ್ಲಿ ಈ ಕೊನೆಯದು ಸುಮಾರು 3 ಡಿಗ್ರಿ ಮತ್ತು 50ರಿಂದ 55 ಪರ್ಸೆಂಟ್. ಉಳಿದದ್ದನ್ನು ಪ್ರಾಕ್ಟೀಸ್ ಸೆಷನ್ ಕೊಡುವ ಟ್ರೇನರ್ ಹತ್ತಿರ ಕೇಳಿ ಬರೆದುಕೊಳ್ಳಿ. ಮೊದಲು ಆ ಅಂಕಿಗಳನ್ನು ಇಡಿ, ಆಮೇಲೆ ಚೂರುಪಾರು ತಿದ್ದಿ. ಸ್ಪೀಡ್ ಹಿಂದೆ ಓಡಬೇಡಿ.

ಸೆಸ್ನಾದಿಂದ ಬಂದವರು ಸೈಡ್‌ಸ್ಟಿಕ್ ಬಿಡುವುದೇ ಇಲ್ಲ. ಏರ್‌ಬಸ್ ಟ್ರಿಮ್ ತಾನೇ ಮಾಡಿಕೊಳ್ಳುತ್ತದೆ, 33 ಡಿಗ್ರಿವರೆಗಿನ ಬ್ಯಾಂಕ್ ಅನ್ನು ಕೈಬಿಟ್ಟರೂ ಹಿಡಿದುಕೊಂಡಿರುತ್ತದೆ. ಬೇಕಾದ ಕಡೆಗೆ ಒತ್ತಿ, ಬಿಟ್ಟು, ನೋಡಿ. ಇನ್ನೊಂದು, ಜೆಟ್ ಎಂಜಿನ್ ಐಡಲ್‌ನಿಂದ ಪವರ್‌ಗೆ ಬರಲು ಕೆಲವು ಸೆಕೆಂಡ್ ಬೇಕು. ಸ್ಪೀಡ್ ಬಿದ್ದ ಮೇಲೆ ಥ್ರಸ್ಟ್ ಕೊಟ್ಟರೆ ತಡವಾಯಿತು, ಬೀಳಲು ಶುರುವಾದಾಗಲೇ ಕೊಡಬೇಕು.

ಐಎಲ್‌ಎಸ್‌ಗೆ ಒಂದು ಲೆಕ್ಕ ಸಾಕು: ಗ್ರೌಂಡ್‌ಸ್ಪೀಡ್ ಅನ್ನು 5ರಿಂದ ಗುಣಿಸಿದರೆ 3 ಡಿಗ್ರಿ ಇಳಿಜಾರಿಗೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂದು ಸಿಗುತ್ತದೆ. 140ಕ್ಕೆ 700, 120ಕ್ಕೆ 600. ಲೋಕಲೈಸರ್ (ರನ್‌ವೇಯ ನಡುಗೆರೆಗೆ ಎಡಬಲ ಎಷ್ಟು ಸರಿದಿದ್ದೀರಿ ಎಂದು ತೋರಿಸುವ ಸೂಜಿ) ಅರ್ಧ ಡಾಟ್ ಸರಿದರೆ ಹೆಡಿಂಗ್ ಮೂರರಿಂದ ಐದು ಡಿಗ್ರಿ ತಿರುಗಿಸಿ ಕಾಯಿರಿ. ಸೂಜಿ ಹೊರಟ ಕೂಡಲೇ ಅರ್ಧ ವಾಪಸ್ ತೆಗೆಯಿರಿ. ರನ್‌ವೇ ಹತ್ತಿರವಾದಷ್ಟೂ ಸೂಜಿ ಚುರುಕಾಗುತ್ತದೆ, ಹಾಗಾಗಿ ತಿದ್ದುವುದು ಇನ್ನೂ ಸಣ್ಣದಾಗಬೇಕು. ಹೋಲ್ಡಿಂಗ್ ಎಂಟ್ರಿಯನ್ನು (ಆ ಸುತ್ತಿಗೆ ಸೇರಿಕೊಳ್ಳುವ ದಾರಿ) ಕಾಗದದ ಮೇಲೆ ದಿನಾ ಹತ್ತು ಬಿಡಿಸಿ. 14,000 ಅಡಿವರೆಗೆ ಔಟ್‌ಬೌಂಡ್ ಒಂದು ನಿಮಿಷ, ಅದರ ಮೇಲೆ ಒಂದೂವರೆ. ಸಿಮ್‌ನಲ್ಲಿ ಕೂತು ಎಂಟ್ರಿ ಯೋಚಿಸಲು ಶುರುಮಾಡಿದರೆ ಅಷ್ಟರಲ್ಲಿ ಎತ್ತರ ಹೋಗಿರುತ್ತದೆ.

ಈಗ ಮುಖ್ಯವಾದದ್ದು. ನೀವು 150 ಅಡಿ ಮೇಲೆ ಹೋಗಿಬಿಟ್ಟಿರಿ ಅನ್ನಿ. ಸುಮ್ಮನೆ ಮೂಗು ತಗ್ಗಿಸಿದರೆ ಹಿಂದೆ ಕೂತ ಪರೀಕ್ಷಕರಿಗೆ ಎತ್ತರ ತಪ್ಪಿದ್ದಷ್ಟೇ ಕಾಣುತ್ತದೆ. 'ಆಲ್ಟಿಟ್ಯೂಡ್ 150 ಹೈ, ಕರೆಕ್ಟಿಂಗ್' ಎಂದು ಹೇಳಿ ಇಳಿಸಿದರೆ, ಕಂಡುಕೊಂಡದ್ದು, ಹೇಳಿದ್ದು, ತಿದ್ದಿದ್ದು ಮೂರೂ ಅವರ ಹಾಳೆಗೆ ಹೋಗುತ್ತದೆ. ಮೊದಲ ಐಎಲ್‌ಎಸ್ ಕೆಟ್ಟಿತು ಅಂದರೆ ಮುಗಿಯಿತು ಅಂದುಕೊಳ್ಳಬೇಡಿ. ಕೆಲವು ಪರೀಕ್ಷಕರು ನಡುವೆ ನಿಲ್ಲಿಸಿ ಒಂದು ಸಲಹೆ ಕೊಟ್ಟು ಮತ್ತೆ ಮಾಡಿಸುತ್ತಾರೆ; ಎರಡನೆಯ ಸಲ ಆ ಸಲಹೆ ಕೈಗೆ ಇಳಿದಿದೆಯಾ ಎಂದು ನೋಡುತ್ತಾರೆ. 1000 ಅಡಿಯಲ್ಲಿ ಸ್ಟೇಬಲ್ ಆಗಿಲ್ಲದಿದ್ದರೆ ನೀವೇ ಗೋ-ಅರೌಂಡ್ ಹೇಳಿ. ಟೋಗಾ (ಪೂರ್ತಿ ಥ್ರಸ್ಟ್), ಪಿಚ್ 15, 'ಗೋ-ಅರೌಂಡ್, ಫ್ಲಾಪ್ಸ್', 'ಪಾಸಿಟಿವ್ ಕ್ಲೈಂಬ್', 'ಗೇರ್ ಅಪ್' ಈ ಕ್ರಮ ನಿದ್ದೆಯಲ್ಲಿ ಕೇಳಿದರೂ ಬರಬೇಕು. ಕೆಟ್ಟ ಅಪ್ರೋಚ್ ಅನ್ನು ಎಳೆದಾಡಿ ಇಳಿಸಿದವರಿಗಿಂತ ಗೋ-ಅರೌಂಡ್ ಮಾಡಿದವರನ್ನು ನಾನಂತೂ ಕಣ್ಣು ಮುಚ್ಚಿ ಆರಿಸುತ್ತೇನೆ.

ಜೊತೆಗಾರ ಹಾರಿಸುವಾಗ ನೀವು ಸುಮ್ಮನೆ ಕೂತರೆ ನಿಮ್ಮ ಅಂಕವೇ ಹೋಗುತ್ತದೆ. 'ಸ್ಪೀಡ್', 'ಲೋಕಲೈಸರ್', 'ಒನ್ ಥೌಸಂಡ್ ಟು ಗೋ' ಇವು ನಿಮ್ಮ ಬಾಯಿಂದ ಬರಬೇಕು. ಅವರು ಪ್ರತಿಸ್ಪರ್ಧಿ ಎಂಬ ಯೋಚನೆಯನ್ನು ಬಾಗಿಲಾಚೆ ಬಿಟ್ಟು ಹೋಗಿ. ಸಿಮ್‌ಗೆ ಮುಂಚೆ ಹತ್ತು ನಿಮಿಷ ಸಿಕ್ಕರೂ ಇಬ್ಬರೂ ಕೂತು ಯಾರು ಯಾವ ಕಾಲ್‌ಔಟ್ ಹೇಳುವುದು ಎಂದು ಮಾತಾಡಿಕೊಳ್ಳಿ.

ಪ್ರಾಕ್ಟೀಸ್ ಎಲ್ಲಿ? ಬೆಂಗಳೂರಿನಲ್ಲಿ ಸಿಎಇಯಂಥ ದೊಡ್ಡ ಟ್ರೇನಿಂಗ್ ಸೆಂಟರ್ ಇದೆ, ಫಿಕ್ಸ್ಡ್ ಬೇಸ್ ಸಿಮ್ ಬಾಡಿಗೆಗೆ ಕೊಡುವ ಚಿಕ್ಕ ಜಾಗಗಳೂ ಇವೆ. ದುಬಾರಿ ಸಿಮ್‌ನಲ್ಲಿ ಸ್ಕ್ಯಾನ್ ಕಲಿಯಲು ಕೂರಬೇಡಿ. ಮನೆಯ ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್ ಸಾಕು ಅದಕ್ಕೆ. ಮೂರು ವಾರ ದಿನಾ ಒಂದು ಗಂಟೆ ರಾ ಡೇಟಾ ಐಎಲ್‌ಎಸ್ ಮಾಡಿ. ಕೊನೆಯ ವಾರ ದೊಡ್ಡ ಸಿಮ್‌ನಲ್ಲಿ ಎರಡು ಸೆಷನ್, ಸಾಧ್ಯವಾದರೆ ಕರೆ ಬಂದ ಇನ್ನೊಬ್ಬರ ಜೊತೆ ಖರ್ಚು ಹಂಚಿಕೊಂಡು. 'ಸೆಲೆಕ್ಷನ್ ಗ್ಯಾರಂಟಿ' ಎಂದು ದುಡ್ಡು ಕೇಳುವವರ ಹತ್ತಿರ ಹೋಗಲೇಬೇಡಿ.

ಇಂಗ್ಲಿಷ್ ವಿಷಯ. ನಿಮ್ಮ ಆರ್‌ಟಿಆರ್ (ರೇಡಿಯೋದಲ್ಲಿ ಮಾತಾಡುವ ಲೈಸೆನ್ಸ್) ಆಗಿದೆ, ಐಸಿಎಒ (ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ) ಇಂಗ್ಲಿಷ್ ಲೆವೆಲ್ 4 ಇದೆ, ಅಂದರೆ ಕೆಲಸಕ್ಕೆ ಬೇಕಾದಷ್ಟು ಭಾಷೆ ನಿಮ್ಮಲ್ಲಿದೆ. ಉಚ್ಚಾರಣೆಗೆ ಯಾರೂ ಮಾರ್ಕ್ ಕಳೆಯುವುದಿಲ್ಲ. ಸುತ್ತಿ ಬಳಸಿ ಹೇಳಿದರೆ ಕಳೆಯುತ್ತಾರೆ. ಒಂದು ವಿಷಯವನ್ನು ಮೊದಲು ಕನ್ನಡದಲ್ಲಿ ತಂಗಿಗೋ ತಮ್ಮನಿಗೋ ಅರ್ಥವಾಗುವಂತೆ ಹೇಳಿ. ಅಲ್ಲಿ ಎಡವಿದರೆ ತೊಂದರೆ ಇಂಗ್ಲಿಷಿನದ್ದಲ್ಲ, ವಿಷಯವೇ ಗಟ್ಟಿಯಾಗಿಲ್ಲ. ಆಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಇಂಟರ್‌ವ್ಯೂನಲ್ಲಿ ಕಾಗದ ಕೇಳಿ ಪಡೆದು ಚಿತ್ರ ಬಿಡಿಸುತ್ತಾ ಹೇಳುವುದಕ್ಕೆ ಅಡ್ಡಿಯಿಲ್ಲ. ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ ಸರ್, ನೋಡಿಕೊಳ್ಳುತ್ತೇನೆ' ಎಂದು ಒಂದೇ ಸಲ ಹೇಳಿ ಬಿಡಿ.

ಎಚ್‌ಆರ್ ಸುತ್ತಿನಲ್ಲಿ ಈ ಏಳೆಂಟು ತಿಂಗಳು ಏನು ಮಾಡಿದಿರಿ ಎಂದು ಕೇಳುತ್ತಾರೆ. ಊರಲ್ಲಿ ತೋಟದ ಕೆಲಸ ನೋಡಿಕೊಂಡಿದ್ದರೆ ಹಾಗೆಯೇ ಹೇಳಿ, ಜೊತೆಗೆ ಓದು ಹೇಗೆ ಉಳಿಸಿಕೊಂಡಿರಿ ಎಂಬುದನ್ನೂ. ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ) ಪೇಪರ್ ಯಾವುದಾದರೂ ಫೇಲ್ ಆಗಿದ್ದರೆ ಮುಚ್ಚಿಡಬೇಡಿ. ಹಾರಾಟಕ್ಕೆ 12 ಗಂಟೆ ಮೊದಲಿಂದ ಮದ್ಯ ಮುಟ್ಟುವಂತಿಲ್ಲ, ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ಡ್ಯೂಟಿ ನಿಯಮ ಇಂಥವು ತಿಳಿದಿರಲಿ. ಲಾಗ್‌ಬುಕ್‌ನ ಪ್ರತಿ ಪುಟದ ಮೊತ್ತವನ್ನು ಕೂಡಿ ನೋಡಿ, ಮೆಡಿಕಲ್ ಮತ್ತು ಐಆರ್ (ಇನ್‌ಸ್ಟ್ರುಮೆಂಟ್ ರೇಟಿಂಗ್) ಮುಗಿಯುವ ದಿನಾಂಕ ನೋಡಿ. ಐಆರ್ ಒಂದೇ ವರ್ಷಕ್ಕೆ, ನಿಮ್ಮದು ಹತ್ತಿರ ಬಂದಿರುತ್ತದೆ.

ಟೈಪ್ ರೇಟಿಂಗ್ ಈಗ ಬೇಡ. ಟೈಪ್ ರೇಟಿಂಗ್ ಇಲ್ಲದವರನ್ನೂ ಕರೆದಿರುವುದರಿಂದಲೇ ನಿಮಗೆ ಪತ್ರ ಬಂದಿರುವುದು. ಆಯ್ಕೆಯಾದರೆ ಅವರ ಪದ್ಧತಿಯಲ್ಲೇ ಮಾಡಿಸುತ್ತಾರೆ. ಅದರ ಖರ್ಚು ಯಾರದು, ಬಾಂಡ್ ಎಷ್ಟು ವರ್ಷದ್ದು ಎಂಬುದನ್ನು ಸಹಿ ಹಾಕುವ ಮುಂಚೆ ಮನೆಯವರ ಜೊತೆ ಕೂತು ಓದಿ. ಹಲವು ಲಕ್ಷ ಸಾಲ ಮಾಡಿ ಈಗಲೇ ಮಾಡಿಸಿಕೊಂಡು ಕೆಲಸ ಸಿಗುವುದು ತಡವಾದರೆ, ಬಡ್ಡಿಯ ಜೊತೆಗೆ ರೇಟಿಂಗ್ ಚಾಲ್ತಿಯಲ್ಲಿಡುವ ಖರ್ಚೂ ನಿಮ್ಮ ಮೇಲೆಯೇ ಬೀಳುತ್ತದೆ. ಆ ದುಡ್ಡಿನಲ್ಲಿ ಸಣ್ಣ ಪಾಲು ತೆಗೆದು ಈ ವಾರವೇ ಇನ್‌ಸ್ಟ್ರಕ್ಟರ್ ಒಬ್ಬರ ಜೊತೆ ಸೆಸ್ನಾದಲ್ಲಿ ಎರಡು ಮೂರು ಗಂಟೆ ಇನ್‌ಸ್ಟ್ರುಮೆಂಟ್ ಹಾರಾಟ ಮಾಡಿ ಬನ್ನಿ. ಕರೆಪತ್ರದಲ್ಲಿ ಸಿಮ್ ಯಾವುದು, ಕಾಲ್‌ಔಟ್ ಹಾಳೆ ಕೊಡುತ್ತಾರಾ ಎಂಬುದು ಬರೆದಿದ್ದರೆ ಕಾಮೆಂಟ್‌ನಲ್ಲಿ ಹಾಕಿ, ಅದಕ್ಕೆ ತಕ್ಕಂತೆ ಅಭ್ಯಾಸದ ಕ್ರಮ ಬರೆದುಕೊಡುತ್ತೇನೆ.