ಊರಿಂದ ಬಂದ ರೈತ ಅಪ್ಪ-ಅಮ್ಮನಿಗೆ ನ್ಯೂಜೆರ್ಸಿಯಲ್ಲಿ ಏನು ತೋರಿಸಲಿ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲಾಗಲಿಲ್ಲ. ಎಡಿಸನ್‌ನಲ್ಲಿ ಇದ್ದೀರಿ, ಜೀವನವಿಡೀ ಬೇಸಾಯ ಮಾಡಿದ ಅಪ್ಪ-ಅಮ್ಮ ಊರಿಂದ ಬಂದಿದ್ದಾರೆ. ನ್ಯೂಯಾರ್ಕ್‌ನ ಕಟ್ಟಡ ನೋಡಿ ಅವರಿಗೆ ಸಾಕಾಗಿದೆ, ಇಲ್ಲಿಯ ಹಳೇ ಕಾಲದ ಒಕ್ಕಲುತನ ಹೇಗಿತ್ತು ಅಂತ ಕೇಳುತ್ತಿದ್ದಾರೆ. ಹಾಗಾದರೆ ಹಳೇ ಕಾಲದ ಬೇಸಾಯವನ್ನು ಈಗಲೂ ಮಾಡಿ ತೋರಿಸುವ ಹೊವೆಲ್ ಫಾರ್ಮ್‌ಗೆ ಕರೆದುಕೊಂಡು ಹೋಗಿ. ನಿಮ್ಮ ಮನೆಯಿಂದ ಕಾರಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಮರ್ಸರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಹೋಪ್‌ವೆಲ್ ಟೌನ್‌ಶಿಪ್‌ನಲ್ಲಿ, ಡೆಲಾವೇರ್ ನದಿಗೆ ಹತ್ತಿರ, ಪ್ಲೆಸೆಂಟ್ ವ್ಯಾಲಿ ಅನ್ನುವ ಕಣಿವೆಯಲ್ಲಿದೆ.

ಇದು ಒಂದು ಕುಟುಂಬದ ಹೊಲವಾಗಿತ್ತು. ಕೊನೆಯ ಒಡತಿ ಐನೆಜ್ ಹೊವೆಲ್. ಅವರ ಗಂಡ ಚಾರ್ಲ್ಸ್ ಹೊವೆಲ್ 1949ರಿಂದ 1955ರವರೆಗೆ ಅಮೆರಿಕದ ಸಂಸತ್ತಿನಲ್ಲಿದ್ದವರು, 1973ರಲ್ಲಿ ತೀರಿಕೊಂಡರು. ಮರುವರ್ಷವೇ ಐನೆಜ್ ಅವರು ಗಂಡನ ನೆನಪಿಗೆ ಜಮೀನನ್ನು ಕೌಂಟಿಗೆ ಕೊಟ್ಟುಬಿಟ್ಟರು. ಕೊಡುವಾಗ ಅವರ ಆಸೆ ಸ್ಪಷ್ಟವಾಗಿತ್ತು: ಜನ, ಅದರಲ್ಲೂ ಮಕ್ಕಳು, ಹಳೇ ಕಾಲದ ಬದುಕನ್ನು ಬರೀ ನೋಡಬಾರದು, ಕೈಯಾರೆ ಮಾಡಬೇಕು. ಹಾಲು ಕರೆಯಬೇಕು, ಮೊಟ್ಟೆ ಆರಿಸಬೇಕು, ಕುರಿಯ ಉಣ್ಣೆ ಕತ್ತರಿಸಿ ನೂಲಬೇಕು. ಒಳ್ಳೇ ಬೆಲೆಗೆ ಮಾರಬಹುದಾಗಿದ್ದ ಭೂಮಿಯನ್ನು ಹೀಗೆ ಉಳಿಸಿದ ಆ ತಾಯಿಯ ಮೇಲೆ ನನಗೆ ತುಂಬಾ ಗೌರವ.

ಈಗ ಸುಮಾರು 130 ಎಕರೆ ಇದೆ. ಕಾಲವನ್ನು 1900ರ ಆಸುಪಾಸಿನಲ್ಲಿ ನಿಲ್ಲಿಸಿದ್ದಾರೆ. ಅಂದರೆ ಹೊಲಕ್ಕೆ ಟ್ರ್ಯಾಕ್ಟರ್ ಬರುವ ಮುಂಚಿನ ಕಾಲ. ಉಳುವುದು, ಬಿತ್ತುವುದು, ಹುಲ್ಲು ಹೇರುವುದು ಎಲ್ಲದಕ್ಕೂ ಕುದುರೆ, ಎತ್ತು. ರಾಮನಗರದ ಜಾನಪದ ಲೋಕದಲ್ಲಿ ನೇಗಿಲು, ಕುಂಟೆ, ಕೂರಿಗೆ ಎಲ್ಲ ಜೋಡಿಸಿಟ್ಟಿದ್ದಾರೆ, ನೋಡಿರುತ್ತೀರಿ. ಇಲ್ಲಿ ಅಂಥ ಸಾಮಾನು ದಿನವೂ ಮಣ್ಣಿಗೆ ಇಳಿಯುತ್ತದೆ. ಮುರಿದರೆ ರಿಪೇರಿ ಮಾಡುತ್ತಾರೆ, ಮತ್ತೆ ಹೂಡುತ್ತಾರೆ.

ನಾನು ನಮ್ಮ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಮದ್ದೂರು ಕಡೆಯವರು, ಎತ್ತು ಕಟ್ಟಿ ಉತ್ತವರು. ಎತ್ತುಗಳನ್ನು ಕಂಡ ಕೂಡಲೇ ಅವರ ಮೊದಲ ಮಾತು, "ಮೂಗುದಾರ ಎಲ್ಲಪ್ಪಾ?" ಅಮೆರಿಕದ ಪದ್ಧತಿಯಲ್ಲಿ ಮೂಗು ಚುಚ್ಚುವುದಿಲ್ಲ. ಕರುವಾಗಿದ್ದಾಗಿಂದ ಮಾತಿಗೆ ಪಳಗಿಸುತ್ತಾರೆ. ಹೊಡೆಯುವವನು ಹಿಂದೆ ಇರುವುದಿಲ್ಲ, ಎಡಗಡೆ ಪಕ್ಕದಲ್ಲೇ ನಡೆಯುತ್ತಾನೆ. 'ಜೀ' ಅಂದರೆ ಬಲಕ್ಕೆ, 'ಹಾ' ಅಂದರೆ ಎಡಕ್ಕೆ, 'ವೋ' ಅಂದರೆ ನಿಲ್ಲು. ನೊಗವೂ ಬೇರೆ. ನಮ್ಮ ಎತ್ತಿಗೆ ಹೆಗಲ ಮೇಲೆ ಡುಬ್ಬ ಇದೆ, ನೊಗ ಅದರ ಮುಂದೆ ಕೂತು ಒತ್ತು ತೆಗೆದುಕೊಳ್ಳುತ್ತದೆ. ಇಲ್ಲಿಯ ತಳಿಗಳಿಗೆ ಡುಬ್ಬವೇ ಇಲ್ಲ. ಹಾಗಾಗಿ ಬಗ್ಗಿಸಿದ ಮರದ ಕಮಾನನ್ನು ಕತ್ತಿನ ಕೆಳಗಿಂದ ತಂದು ನೊಗಕ್ಕೆ ಸಿಕ್ಕಿಸುತ್ತಾರೆ. ಮಾವನವರು ಅದನ್ನು ಮುಟ್ಟಿ, ಎತ್ತಿ ತೂಕ ನೋಡಿ, ಕತ್ತು ಉಜ್ಜುತ್ತದಾ ಅಂತ ಕೇಳಿಸಿದರು. ಕೆಲಸದವರೂ ಬೇಸರವಿಲ್ಲದೆ ನಿಂತು ಮಾತಾಡಿದರು, ಊರಲ್ಲಿ ಹೇಗೆ ಕಟ್ಟುತ್ತೀರಿ ಅಂತ ವಾಪಸ್ ಕೇಳಿದರು. ನಾನು ಮಧ್ಯೆ ನಿಂತು ಎರಡೂ ಕಡೆಗೆ ಹೇಳುತ್ತಾ ಹೋದೆ. ನಿಮಗೂ ಅದೇ ಕೆಲಸ ಬೀಳುತ್ತದೆ, ಸಮಯ ಇಟ್ಟುಕೊಂಡೇ ಹೋಗಿ.

ಒಂದು ವಿಷಯ ಮುಖ್ಯ. ಯಾವ ಕೆಲಸ ನಡೆಯುವ ದಿನ ಅಂತ ನೋಡಿಕೊಂಡು ಹೋಗಬೇಕು. ಜನವರಿ ಕೊನೆಯಲ್ಲಿ ಕೊಳ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಗರಗಸದಲ್ಲಿ ಐಸ್ ಕುಯ್ದು, ಐಸ್ ಮನೆಯಲ್ಲಿ ಪೇರಿಸುತ್ತಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಬೇಸಿಗೆವರೆಗೆ ಹಾಲು-ಬೆಣ್ಣೆ ಕೆಡದಂತೆ ಕಾದದ್ದು ಇದೇ ಐಸ್. ಫೆಬ್ರವರಿಯಲ್ಲಿ ಮೇಪಲ್ ಮರದ ರಸ ಇಳಿಸುತ್ತಾರೆ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು, ಎರಡೂ ಇದ್ದರೆ ಮಾತ್ರ ರಸ ಹರಿಯುತ್ತದೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ಆ ಹಬೆ, ಆ ಸಿಹಿ ವಾಸನೆ ಥೇಟ್ ಆಲೆಮನೆ! ಕಬ್ಬು ಬೆಳೆದವರಾದರೆ ಅಲ್ಲಿಂದ ಎದ್ದು ಬರುವುದೇ ಇಲ್ಲ. ವಸಂತದಲ್ಲಿ ಕುರಿ ಉಣ್ಣೆ ಕತ್ತರಿಸುತ್ತಾರೆ. ಬೇಸಿಗೆಯಲ್ಲಿ ಗೋಧಿ ಕೊಯ್ಲು, ಒಕ್ಕಣೆ. ಮಾಗಿ ಚಳಿಗೆ ಮುಂಚೆ ಮುಸುಕಿನ ಜೋಳದ ಕೆಲಸ ಜಾಸ್ತಿ. ಅಪ್ಪ-ಅಮ್ಮ ಬೇಸಿಗೆಗೆ ಬಂದಿದ್ದರೆ ಒಕ್ಕಣೆಯ ದಿನವನ್ನೇ ಹಿಡಿಯಿರಿ. ಕಣದಲ್ಲಿ ರೋಣಗಲ್ಲು ಎಳೆಸಿದವರಿಗೆ ಇಲ್ಲಿಯ ಹಳೇ ಒಕ್ಕಣೆ ಯಂತ್ರ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಉಳುಮೆ ಪಂದ್ಯವೂ ಇರುತ್ತದೆ.

ನನಗೆ ಈ ಜಾಗ ಯಾಕೆ ಇಷ್ಟ ಅಂದರೆ, ಇಲ್ಲಿ ಉಳಿದಿರುವುದು ಕೈಕೆಲಸ. ನೊಗವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು, ಎತ್ತು ಪಳಗಿಸುವ ವಿದ್ಯೆಯನ್ನು ಇಡೋಕೆ ಆಗಲ್ಲ ಅಲ್ವಾ? ಅದಕ್ಕೆ ಎತ್ತೂ ಬೇಕು, ಕಲಿಸುವವರೂ ಬೇಕು, ಕಲಿಯುವವರೂ ಬೇಕು. ಹೊಸಬರು ಇಲ್ಲಿಗೆ ಇಂಟರ್ನ್ ಆಗಿ ಬಂದು ಕುದುರೆ, ಎತ್ತು ಹೂಡುವುದನ್ನು ಕಲಿತು ಹೋಗುತ್ತಾರೆ. ನಮ್ಮ ಕಡೆ ಉತ್ತವರು ಇನ್ನೂ ಇದ್ದಾರೆ. ಇಂಥದ್ದೊಂದು ಹೊಲ ಮಂಡ್ಯದಲ್ಲೋ ಹಾವೇರಿಯಲ್ಲೋ ಈಗಲೇ ಆಗಬೇಕು ಅಂತ ನನ್ನ ಆಸೆ.

ಪ್ರವೇಶಕ್ಕೆ ದುಡ್ಡಿಲ್ಲ, ವಿಶೇಷ ದಿನಗಳಲ್ಲಿ ಕೆಲವಕ್ಕೆ ಇರಬಹುದು. ಎಲ್ಲಾ ದಿನ ತೆರೆದಿರುವುದಿಲ್ಲ, ಹಾಗಾಗಿ ಫಾರ್ಮ್‌ನ ಕ್ಯಾಲೆಂಡರ್ ನೋಡಿ ಹೊರಡಿ. ಮಣ್ಣಿನ ದಾರಿ, ಅಮ್ಮನಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಬೆಳಗ್ಗೆಯೇ ಹೋದರೆ ದನಕರು ಹತ್ತಿರದಿಂದ ನೋಡಲು ಜನಜಂಗುಳಿ ಇರುವುದಿಲ್ಲ. ಊಟದ ಬುತ್ತಿ ಕಟ್ಟಿಕೊಂಡೇ ಹೋಗಿ.