ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿದೆಯಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಮಕ್ಕಳದ್ದು, ಅವರ ಮನೆಯವರದ್ದು. ಕೋರ್ಸಿನ ಬಗ್ಗೆ ಯಾರೂ ಕೇಳಿಲ್ಲ. ಎಲ್ಲರಿಗೂ ಕಾಡುತ್ತಿರುವುದು ಕಾಗದ, ಬೀಗ, ಪಾರ್ಸಲ್ಲು.

ಪ್ರಶ್ನೆ: ಕೆಮ್ನಿಟ್ಜ್‌ಗೆ ಬಂದು ವಿಳಾಸ ನೋಂದಣಿ ಮಾಡಿಸಿದೆ. ಜೊತೆಗೆ ಬಂದವರಿಗೆಲ್ಲ ತೆರಿಗೆ ಸಂಖ್ಯೆಯ ಪತ್ರ ಬಂತು, ನನಗೆ ಬಂದಿಲ್ಲ. ಬ್ಯಾಂಕ್ ಕಾರ್ಡೂ ಇಲ್ಲ. ಪಾರ್ಟ್ ಟೈಮ್ ಕೆಲಸ ಕೊಟ್ಟವರು ಆ ಸಂಖ್ಯೆ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಕೆಳಗಿಳಿದು ಹೋಗಿ ಅಂಚೆ ಡಬ್ಬಿ ನೋಡಿ. ಅದರ ಮೇಲೆ ನಿಮ್ಮ ಹೆಸರಿದೆಯಾ? ಎರಡೂ ಪತ್ರ ಬಂದಿಲ್ಲ ಅಂದರೆ ನನ್ನ ಅನುಮಾನ ಅಲ್ಲೇ. ಜರ್ಮನಿಯ ಬಹುಪಾಲು ವಿಳಾಸಗಳಲ್ಲಿ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಪೋಸ್ಟ್‌ಮ್ಯಾನ್ ಡಬ್ಬಿಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ, ಹೆಸರು ಸಿಗದಿದ್ದರೆ ಅದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಬೇರೆಯವರ ಮನೆಯಲ್ಲಿ ಒಂದು ರೂಮು ಹಿಡಿದವರಿಗೆ ಇದು ಜಾಸ್ತಿ ಆಗುತ್ತದೆ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಹೆಸರಿನ ಜೊತೆ ಒಂದೋ ಎರಡೋ ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಅದು ಅಪ್ಪನ ಹೆಸರಾಗಿ, ಊರಿನ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಪತ್ರಗಳು ಬರುವುದು ಆ ಪಾಸ್‌ಪೋರ್ಟ್ ಹೆಸರಿಗೆ. ಹಾಗಾಗಿ ನೋಂದಣಿ ಚೀಟಿಯಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆದು ಡಬ್ಬಿಗೂ ಕರೆಗಂಟೆಗೂ ಅಂಟಿಸಿ. ಮನೆ ಮಾಲೀಕರಿಗೆ ಒಂದು ಮಾತು ಹೇಳಿ ಅಂಟಿಸಿದರೆ ಒಳ್ಳೆಯದು.

ಆಮೇಲೆ ತೆರಿಗೆ ಸಂಖ್ಯೆ. ಅದು 11 ಅಂಕಿಯದು. ಕೇಂದ್ರ ತೆರಿಗೆ ಕಚೇರಿಯ ವೆಬ್‌ಸೈಟಿನಲ್ಲಿ ಮತ್ತೆ ಕಳಿಸಿ ಎಂದು ಕೇಳುವ ಫಾರ್ಮ್ ಇದೆ, ತುಂಬಿ. ಇಮೇಲ್‌ನಲ್ಲಿ ಕೊಡುವುದಿಲ್ಲ, ಪತ್ರವೇ ಬರಬೇಕು, ಅದಕ್ಕೇ ಡಬ್ಬಿ ಮೊದಲು. ಅಷ್ಟರಲ್ಲಿ ಸಂಬಳದಲ್ಲಿ ತೆರಿಗೆ ಹೆಚ್ಚು ಮುರಿದರೂ ಗಾಬರಿ ಬೇಡ, ವರ್ಷದ ಕೊನೆಗೆ ರಿಟರ್ನ್ ಹಾಕಿದರೆ ಹೆಚ್ಚುವರಿ ದುಡ್ಡು ವಾಪಸ್ ಬರುತ್ತದೆ. ಹೊಸದಾಗಿ ಹೊರಟವರಿಗೂ ಒಂದು ಮಾತು: ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮಾಲೀಕರು ಸಹಿ ಹಾಕಿದ ದೃಢೀಕರಣ ಪತ್ರ ಬೇಕೇ ಬೇಕು. ಆ ಪತ್ರ ಕೊಡುವುದಿಲ್ಲ ಎನ್ನುವವರ ರೂಮಿಗೆ ದಯವಿಟ್ಟು ಮುಂಗಡ ಕೊಡಬೇಡಿ.

ಪ್ರಶ್ನೆ: ಕಸ ಹಾಕಲು ಹೊರಗೆ ಬಂದೆ, ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು, ಕೀ ಒಳಗೆ. ರಾತ್ರಿ ಬೀಗ ತೆಗೆಯಲು ಬಂದವನು ಕೇಳಿದ ದುಡ್ಡು ನನ್ನ ತಿಂಗಳ ಬಾಡಿಗೆಗಿಂತ ಜಾಸ್ತಿ. ಇದು ನ್ಯಾಯವಾ?

ಉತ್ತರ: ಖಂಡಿತ ಅಲ್ಲ. ಓದಿ ನನಗೆ ನಿಜವಾಗಿ ಸಿಟ್ಟು ಬಂತು. ರಾತ್ರಿ ಹೊತ್ತು ಚಪ್ಪಲಿಯೂ ಇಲ್ಲದೆ ನಿಂತ ಹುಡುಗರ ಭಯವನ್ನೇ ಬಂಡವಾಳ ಮಾಡಿಕೊಳ್ಳುವವರು ಇದ್ದಾರೆ. ಅಲ್ಲಿನ ಬಾಗಿಲುಗಳಿಗೆ ಹೊರಗಡೆ ತಿರುಗದ ಗುಂಡಿ ಮಾತ್ರ ಇರುತ್ತದೆ, ಮುಚ್ಚಿದರೆ ಕೀ ಇಲ್ಲದೆ ತೆರೆಯುವುದಿಲ್ಲ.

ಇನ್ನೊಮ್ಮೆ ಹೀಗಾದರೆ ಮೊದಲು ಹೌಸ್‌ಮೈಸ್ಟರ್‌ಗೆ, ಅಂದರೆ ಕಟ್ಟಡ ನೋಡಿಕೊಳ್ಳುವವರಿಗೆ, ಹಾಸ್ಟೆಲ್ ಆದರೆ ಅಲ್ಲಿನ ತುರ್ತು ನಂಬರಿಗೆ ಫೋನ್ ಮಾಡಿ. ಅದೂ ಆಗದಿದ್ದರೆ ಆ ಊರಿನದೇ ಬೀಗದ ಅಂಗಡಿ ಹುಡುಕಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವ ಜಾಹೀರಾತು ಎಷ್ಟೋ ಸಲ ಬೇರೆಲ್ಲೋ ಇರುವ ಕಾಲ್ ಸೆಂಟರಿನದು. "ಬಾಗಿಲು ಮುಚ್ಚಿದೆ ಅಷ್ಟೇ, ಕೀ ತಿರುಗಿಸಿ ಲಾಕ್ ಮಾಡಿಲ್ಲ" ಎಂದು ಹೇಳಿ, ಬಂದುಹೋಗುವ ಖರ್ಚು ಸೇರಿ ಒಟ್ಟು ಎಷ್ಟು ಎಂದು ಫೋನಿನಲ್ಲೇ ಕೇಳಿ. ಬರೀ ಮುಚ್ಚಿದ ಬಾಗಿಲನ್ನು ಕಸುಬು ಗೊತ್ತಿದ್ದವರು ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ, ಬೀಗ ಕೊರೆಯುವ ಅಗತ್ಯ ಬೀಳುವುದು ಅಪರೂಪ. ದುಡ್ಡಿಗಾಗಿ ಹೆದರಿಸಿದರೆ 110ಕ್ಕೆ ಕರೆ ಮಾಡಿ, ಅದು ಪೊಲೀಸ್. ಈಗ ನಿಮ್ಮ ಬಿಲ್ಲನ್ನು ಫೆರ್‌ಬ್ರೌಹರ್‌ಸೆಂಟ್ರಾಲೆಗೆ, ಅಂದರೆ ಗ್ರಾಹಕರ ಸಲಹಾ ಕೇಂದ್ರಕ್ಕೆ, ತೋರಿಸಿ.

ಕೀ ಕಳೆದೇಹೋದರೆ ಕಥೆಯೇ ಬೇರೆ. ಇಡೀ ಕಟ್ಟಡದ ಬೀಗಗಳನ್ನು ಬದಲಿಸಬೇಕಾಗಿ ಬಂದರೆ ಖರ್ಚು ಸಾವಿರಾರು ಯೂರೋ ಆಗಬಹುದು. ತಿಂಗಳಿಗೆ ಕೆಲವೇ ಯೂರೋಗಳ ಹಾಫ್ಟ್‌ಫ್ಲಿಶ್ಟ್ ವಿಮೆ, ಅಂದರೆ ನಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ವಿಮೆ, ಮಾಡಿಸಿ. ಕೀ ಕಳೆದದ್ದೂ ಅದರಲ್ಲಿ ಸೇರಿದೆಯಾ ಎಂದು ಕೇಳಿಯೇ ಸಹಿ ಹಾಕಿ.

ಪ್ರಶ್ನೆ: ಮಗಳಿಗೆ ತುಪ್ಪ, ಚಟ್ನಿಪುಡಿ, ಅವಳ ಮಾತ್ರೆ ಪಾರ್ಸಲ್ ಮಾಡಬೇಕು. ತಲುಪುತ್ತದಾ? (ದಾವಣಗೆರೆಯಿಂದ ಒಬ್ಬ ತಾಯಿ)

ಉತ್ತರ: ಚಟ್ನಿಪುಡಿ, ಸಾರಿನ ಪುಡಿ ಕಳಿಸಿ ತಾಯಿ. ಏನೇನಿದೆ, ಎಷ್ಟು ಬೆಲೆ ಅಂತ ಇಂಗ್ಲಿಷಿನಲ್ಲಿ ಒಂದೊಂದಾಗಿ ಬರೆಯಿರಿ. ಉಡುಗೊರೆಯ ಒಟ್ಟು ಬೆಲೆ 45 ಯೂರೋ ಒಳಗಿದ್ದರೆ ಸುಂಕವಿಲ್ಲ. ತುಪ್ಪ ಬೇಡ. ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ಹೀಗೆ ಕಳಿಸುವಂತಿಲ್ಲ. ಬೆಣ್ಣೆ ಅಲ್ಲಿಯ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಕಾಯಿಸುವುದನ್ನು ವಿಡಿಯೋ ಕಾಲ್‌ನಲ್ಲಿ ಹೇಳಿಕೊಡಿ. ಮಾತ್ರೆಯನ್ನಂತೂ ಅಂಚೆಯಲ್ಲಿ ಕಳಿಸಲೇಬೇಡಿ, ಹಾಗೆ ತರಿಸಿಕೊಳ್ಳುವುದಕ್ಕೆ ಅಲ್ಲಿ ಅವಕಾಶವಿಲ್ಲ. ಊರಿಗೆ ಬಂದು ಹೋಗುವಾಗ ತನ್ನ ಬಳಕೆಗೆ 3 ತಿಂಗಳಿಗಾಗುವಷ್ಟನ್ನು ವೈದ್ಯರ ಚೀಟಿ ಸಮೇತ ಬ್ಯಾಗಿನಲ್ಲಿ ಒಯ್ಯಬಹುದು. ಅದಕ್ಕೆ ಮೊದಲೇ ಮುಗಿದರೆ ಅಲ್ಲಿಯ ವೈದ್ಯರಿಗೆ ತೋರಿಸಿ ಬರೆಸಿಕೊಳ್ಳಲಿ. ರಾತ್ರಿ ಹೊತ್ತು ಹುಷಾರಿಲ್ಲದಿದ್ದರೆ 116117, ಜೀವಕ್ಕೆ ಅಪಾಯ ಅನ್ನಿಸಿದರೆ 112. ಈ ಎರಡು ನಂಬರ್ ನಿಮ್ಮ ಹತ್ತಿರವೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ. ಕಳಚಿ ಇಡಲಾ?

ಉತ್ತರ: ಬೇಡವೇ ಬೇಡ. ಮಲಗುವ ಕೋಣೆಯಲ್ಲಿ ಅದು ಕಡ್ಡಾಯ, ನಿಮ್ಮ ಜೀವ ಕಾಯಲು ಇರುವುದು. ಕಿಟಕಿ ಪೂರ್ತಿ ತೆರೆದು, ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ ಮುಚ್ಚಿ. ಕಾರಿಡಾರ್ ಕಡೆಯ ಬಾಗಿಲು ಮಾತ್ರ ತೆಗೆಯಬೇಡಿ. ಹೊಗೆ ಅಲ್ಲಿಗೆ ಹೋದರೆ ಇಡೀ ಹಾಸ್ಟೆಲಿನ ಅಲಾರಂ ಹೊಡೆದು ಅಗ್ನಿಶಾಮಕ ದಳ ಬರಬಹುದು, ಆ ಖರ್ಚು ನಿಮ್ಮ ತಲೆಗೂ ಬರಬಹುದು.

ಪ್ರಶ್ನೆ: ಭಾನುವಾರ ಮ್ಯೂನಿಕ್ ತಲುಪುತ್ತೇನೆ. ಅಕ್ಕಿ, ಹಾಲು ಸಿಗುತ್ತದಾ?

ಉತ್ತರ: ಭಾನುವಾರ ಸೂಪರ್ ಮಾರ್ಕೆಟ್ ಬಾಗಿಲು ಹಾಕಿರುತ್ತದೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ, ಬೆಳಿಗ್ಗೆ ಕೆಲವು ಗಂಟೆ ಬೇಕರಿ, ಅಷ್ಟೇ. ಮೊದಲ ದಿನಕ್ಕೆ ಅವಲಕ್ಕಿ ಬ್ಯಾಗಿನಲ್ಲಿರಲಿ. ಮುಂದಿನ ವಾರಗಳಲ್ಲೂ ಶನಿವಾರವೇ ಸಾಮಾನು ತಂದುಬಿಡಿ, ಮ್ಯೂನಿಕ್‌ನಲ್ಲಿ ಅಂಗಡಿಗಳು ರಾತ್ರಿ 8ಕ್ಕೆಲ್ಲ ಮುಚ್ಚುತ್ತವೆ.